ಅಂಕಿಯ ಪಕ್ಕದ ಷರತ್ತು

ಶ್ರೀರಂಗಪಟ್ಟಣ, 2 ಸೆಪ್ಟೆಂಬರ್ 2023

ಚಂದ್ರನ ಮೇಲೆ ಇಲ್ಸಾ ಕಂಪನಮಾಪಕ ಹಿಡಿದ ಗೆರೆಗಳನ್ನು ಇಸ್ರೊ ಮೊನ್ನೆ ಹೊರಬಿಟ್ಟಿದೆ. ವಿಕ್ರಮ್ ಲ್ಯಾಂಡರ್ ಹೊತ್ತೊಯ್ದ ಈ ಯಂತ್ರ ತಯಾರಾದದ್ದು ನಮ್ಮ ಬೆಂಗಳೂರಿನ ಇಸ್ರೊ ಪ್ರಯೋಗಾಲಯವಾದ ಲಿಯೋಸ್‌ನಲ್ಲಿ. ಆಗಸ್ಟ್ 25ರ ಗೆರೆ ರೋವರ್ ಓಡಾಡಿದ್ದರಿಂದ ಬಂದದ್ದು. 26ರದ್ದು ಸಹಜ ಕಂಪನದಂತಿದೆ, ಮೂಲ ಇನ್ನೂ ತನಿಖೆಯಲ್ಲಿದೆ ಎಂದು ಬರೆದಿದ್ದಾರೆ. ಸರಿಯಾಗಿಯೇ ಬರೆದಿದ್ದಾರೆ. ಒಂದೇ ಜಾಗದ ಒಂದೇ ಯಂತ್ರ ಹೇಳಬಲ್ಲದ್ದು ಅಷ್ಟೇ. ಅಪೊಲೊ ಯಾತ್ರಿಗಳು ನಾಲ್ಕು ಕಡೆ ಇಟ್ಟುಬಂದ ಕಂಪನಮಾಪಕಗಳು 1977ರವರೆಗೂ ಸುದ್ದಿ ಕಳಿಸಿದವು. ಆ ರಾಶಿಯನ್ನು ನನ್ನಂಥವರು ಈಗಲೂ ಕೆದಕುತ್ತಿದ್ದೇವೆ.

ಊಟಕ್ಕೆ ಕೂತಾಗ ಅಣ್ಣ, "ಚಂದ್ರಂದು ಇರ್ಲಿ, ಬೇಬಿ ಬೆಟ್ಟದ್ದು ಹೇಳು" ಅಂದ.

ಪಾಂಡವಪುರ, 12 ಜನವರಿ 2024

ಈ ವಾರ ಹೈಕೋರ್ಟು ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಿಲ್ಲಿಸಿ ಎಂದಿದೆ. ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ. ಸಲಹೆ ಕೇಳುವವರಿಗೆಲ್ಲ ಬೇಕಿರುವುದು ಒಂದೇ ಮಾತು: ಕಟ್ಟೆ ತಡೆಯುತ್ತದೋ ಇಲ್ಲವೋ?

2018ರ ಸೆಪ್ಟೆಂಬರಿನಲ್ಲಿ ಕಟ್ಟೆಯ ಸುತ್ತ ಭಾರಿ ಸದ್ದಾದಾಗ ಇದೆಲ್ಲ ಬಿಸಿಯೇರಿತು. 2022ರಲ್ಲಿ ಬೇಬಿ ಬೆಟ್ಟದ ಕಲ್ಲುಗಣಿಗಳಲ್ಲಿ ಪರೀಕ್ಷಾ ಸ್ಫೋಟಕ್ಕೆ ಬಂದ ತಜ್ಞರನ್ನು ರೈತರು ವಾಪಸು ಕಳಿಸಿದರು. ವಿಜ್ಞಾನಕ್ಕೆ ಹೆದರಿದರು ಎಂದು ನನ್ನ ಕೆಲವು ಗೆಳೆಯರು ನಕ್ಕರು. ನನಗೆ ನಗು ಬರಲಿಲ್ಲ. ಪರೀಕ್ಷೆಯ ದಿನ ಸಿಡಿಮದ್ದನ್ನು ತೂಗಿ, ಕುಳಿಗಳ ನಡುವೆ ಮಿಲಿಸೆಕೆಂಡುಗಳ ಅಂತರ ಕೊಟ್ಟು, ಶಿಸ್ತಾಗಿ ಸಿಡಿಸುತ್ತಾರೆ. ನೆಲ ಎಷ್ಟು ವೇಗವಾಗಿ ಅಲುಗುತ್ತದೆ ಎಂಬುದಕ್ಕೆ ಒಂದೇ ಏಟಿಗೆ ಸಿಡಿಯುವ ಮದ್ದಿನ ತೂಕ, ದೂರ, ನಡುವಿನ ಬಂಡೆ ಇವೇ ಕಾರಣ. ಆ ದಿನದ ಅಂಕಿ ಆ ದಿನದ ಸ್ಫೋಟಕ್ಕೆ ಮಾತ್ರ ಸಾಕ್ಷಿ. ಕತ್ತಲಲ್ಲಿ ಅಳತೆ ತಪ್ಪಿಸಿ ಸಿಡಿಸಿದ್ದಕ್ಕೆ ಅದು ಹೇಗೆ ಜಾಮೀನಾದೀತು? 1932ರ ಹೊತ್ತಿಗೆ ಮುಗಿದ, ಸುರ್ಕಿ ಗಾರೆಯ ಕಟ್ಟೆ ಅದು, 124.80 ಅಡಿ ನೀರು ನಿಂತಾಗಿನ ಲೆಕ್ಕ ಬೇರೆ, ಬೇಸಗೆಯ ಲೆಕ್ಕ ಬೇರೆ.

ಬೆಟ್ಟದ ಪಕ್ಕದ ಊರಲ್ಲಿ ಅಜ್ಜಿಯೊಬ್ಬಳು ಒಳಕೋಣೆ ತೋರಿಸಿದಳು. ಗೋಡೆ ಬಿರುಕಿಗೆ ಅಡ್ಡಲಾಗಿ ಕ್ಯಾಲೆಂಡರಿನ ಚೂರುಗಳನ್ನು ಮೈದಾ ಗಂಜಿಯಲ್ಲಿ ಅಂಟಿಸಿದ್ದಳು, ಕೆಳಗೆ ಪೆನ್ಸಿಲಿನಲ್ಲಿ ಮೊಮ್ಮಗ ಬರೆದ ತಾರೀಖು. ಎರಡು ಹರಿದಿದ್ದವು, ಒಂದು ಹಾಗೇ ಇತ್ತು. ಎಂಜಿನಿಯರುಗಳು ಗಾಜಿನ ಪಟ್ಟಿ ಅಂಟಿಸಿ ಮಾಡುವುದೂ ಇದನ್ನೇ. "ಇದ್ನ ಬರ್ಕತೀರಾ ಸಾ?" ಅಂದಳು. ಬರೆದುಕೊಂಡೆ, ಮಣ್ಣುಗೋಡೆ ಬೇರೆ ಕಾರಣಕ್ಕೂ ಬಿರಿಯುತ್ತದೆ ಎಂಬುದನ್ನೂ ಸೇರಿಸಿ. ಅಜ್ಜಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಕೆ.ಆರ್. ಪೇಟೆ, 21 ಜನವರಿ

ಹೊಸಹೊಳಲು. ಲಕ್ಷ್ಮೀನಾರಾಯಣ ಗುಡಿಯ ಬಳಪದ ಕಲ್ಲಿಗೆ ಕೈಯಿಟ್ಟರೆ ಕಸುಬು ಮರೆಯಲಾಗದು. ಎಳೆಯ ಭೂಮಿಯ ಮ್ಯಾಗ್ನೀಸಿಯಂ ತುಂಬಿದ ಶಿಲೆ ಕಾವಿಗೂ ನೀರಿಗೂ ಸಿಕ್ಕಿ ಇಂಥ ಮೆತ್ತನೆಯ ಕಲ್ಲಾಗುತ್ತದೆ. ಮಂಗಳದ ಹಳೆಯ ಲಾವಾ ಅರಿಯಲೂ ಅಂಥ ಪ್ರಾಚೀನ ಶಿಲೆಗಳ ಬಾಗಿಲನ್ನೇ ತಟ್ಟುತ್ತೇವೆ. ಇವತ್ತು ಕೆಲಸ ಮಾಡಲಿಲ್ಲ.

ನಾಗಮಂಗಲ, 3 ಫೆಬ್ರವರಿ

ಕಟ್ಟೆಯ ಬಗ್ಗೆ ಕೇಳಿದ್ದ ಸಲಹೆಯ ಟಿಪ್ಪಣಿ ಬರೆಯಲು ಕೂತೆ. ಲಿಥಿಯಂ ನೆನಪಾಯಿತು. ಮರಳಗಾಲ–ಅಲ್ಲಾಪಟ್ಟಣದಲ್ಲಿ 14,100 ಟನ್ ಇರಬಹುದೆಂಬ ಅಂದಾಜು 2020ರಲ್ಲಿ ಪತ್ರಿಕೆಗೆ ಬಂದದ್ದೇ ತಡ, ಮಂಡ್ಯ ಬ್ಯಾಟರಿ ರಾಜಧಾನಿ ಆಗಿಬಿಟ್ಟಿತ್ತು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ 1,600 ಟನ್. ಅದೂ ಸೀಮಿತ ಶೋಧನೆಯ ಅಂದಾಜು. ಅಂಕಿ ದೆಹಲಿವರೆಗೆ ಓಡಿತು, ಅದರ ಷರತ್ತು ಮದ್ದೂರು ದಾಟಲಿಲ್ಲ.

ಹಾಗಾಗಿ ಈ ಸಲ ಸ್ಫೋಟದ ಕಂಪನದ ಮಿತಿಯ ಅಂಕಿಯನ್ನು ಒಂಟಿಯಾಗಿ ಬಿಡುತ್ತಿಲ್ಲ. ಅದೇ ಸಾಲಿನಲ್ಲಿ ಬರೆದಿದ್ದೇನೆ: ಮದ್ದಿನ ತೂಕ, ಸಿಡಿಸಿದ ಗಳಿಗೆ ದಾಖಲಾಗಬೇಕು, ಕ್ವಾರಿಯ ಅಂಚಿನಲ್ಲೊಂದು, ಕಟ್ಟೆಯ ಬುಡದಲ್ಲೊಂದು, ಮೇಲೊಂದು ಕಂಪನಮಾಪಕ ಇರಬೇಕು, ದತ್ತಾಂಶ ಅಂದೇ ಪಂಚಾಯ್ತಿ ಕೈಗೂ ಸಿಗಬೇಕು. ಇಷ್ಟಾಗದಿದ್ದರೆ ಮಿತಿಯೇ ಇಲ್ಲ, ನಿಷೇಧವೇ ಇರಲಿ.

ಸಂಜೆ ಟಿಪ್ಪಣಿ ಕೇಳಿದವರಿಗೆ ಫೋನಿನಲ್ಲಿ ಓದಿಹೇಳಿದೆ. ಅತ್ತ ಕಡೆಯವರು, "ಕೊನೆ ಭಾಗ ಅನುಬಂಧಕ್ಕೆ ಹಾಕೋಣವೇ ಸಾರ್?" ಎಂದರು. ಬೇಡ ಎಂದೆ. ಹಾಕಿದರೆ ಸಹಿ ಮಾಡುವುದಿಲ್ಲ ಎಂದೂ ಹೇಳಿದೆ. ನಾಳೆ ತಿಳಿಸುತ್ತಾರಂತೆ.