ಮಾಲೆ ಕಳಚಿದ ಮೇಲೆ

ಕಾರ್ತಿಕ ಬಂತೆಂದರೆ ಮುಳಬಾಗಿಲು ತಾಲೂಕಿನ ನಮ್ಮ ಬೈರಕೂರಿನಲ್ಲಿ ಕಪ್ಪು ಪಂಚೆಗಳು ಕಾಣಿಸಿಕೊಳ್ಳುತ್ತವೆ. ಶಬರಿಮಲೆಗೆ ಹೊರಡುವ ಗಂಡಸರು 41 ದಿನಗಳ ವ್ರತ ಹಿಡಿಯುತ್ತಾರೆ. ನಸುಕಿನಲ್ಲಿ ತಣ್ಣೀರ ಸ್ನಾನ, ಬರಿಗಾಲು, ಚಾಪೆಯ ಮೇಲೆ ನಿದ್ದೆ. ಮದ್ಯ, ಮಾಂಸ, ಬೈಗುಳ ಯಾವುದೂ ಇಲ್ಲ. ನೆರೆಮನೆಯಾತ ಮುಸ್ಲಿಮನಾದ ನನ್ನನ್ನೂ 'ಸ್ವಾಮಿ' ಎಂದೇ ಕರೆಯುತ್ತಾನೆ. ತೆಂಗಿನಕಾಯಿಗೆ ತುಪ್ಪ ತುಂಬಿ, ಇರುಮುಡಿ ಹೊತ್ತು ಹೊರಟವರಲ್ಲಿ ಎರುಮೇಲಿಯ ವಾವರ್ ಮಸೀದಿಗೂ ನಮಿಸಿ ಬೆಟ್ಟ ಹತ್ತುವವರು ಬಹಳ.

ಆದರೆ ಆತನ ಹೆಂಡತಿಯ ಮಾತು ನನ್ನನ್ನು ಕಾಡುತ್ತದೆ: "ಮಾಲೆ ಹಾಕಿದಾಗ ಮಾತ್ರ ಅವರು ಕುಡಿಯದೆ ಮನೆಗೆ ಬರುತ್ತಾರೆ, ಮಕ್ಕಳು ಹೆದರದೆ ಮಲಗುತ್ತವೆ." ಬೆಟ್ಟದ ಮೇಲಿನ ದರ್ಶನ ಕ್ಷಣಕಾಲದ್ದು; ಸಿದ್ಧತೆ ಆರು ವಾರಗಳದ್ದು. 41 ದಿನ ಸಾಧ್ಯವಾದದ್ದು 42ನೇ ದಿನ ಏಕೆ ಆಗದು? ಮಾಲೆ ಕಳಚಿದವರು ಸಂಯಮವನ್ನೂ ಕಳಚಿಡಬೇಕಿಲ್ಲ.