ಬೆಸುಗೆ ಕಲಿಸಿದ ಪಾಠ

ಮಕ್ಕಳ ವಿದ್ಯಾಭ್ಯಾಸ ಮುಗಿಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಸಂಶೋಧನೆ ಹಿರಿದು, ಕಾರ್ಖಾನೆಯ ಕೆಲಸ ಕಿರಿದು ಎಂದು ಹಿರಿಯರು ತೀರ್ಪು ಕೊಡುವುದೂ ಉಂಟು. ನಾವು ಎರಡನ್ನೂ ಕಂಡವರು. 1981ರಿಂದ ಹದಿಮೂರು ವರ್ಷ ಅತಿವಾಹಕ ಅಯಸ್ಕಾಂತಗಳ ಪ್ರಯೋಗಾಲಯದಲ್ಲಿ ದುಡಿದೆವು. ಅನಂತರ ನಿವೃತ್ತಿಯವರೆಗೆ ಇಪ್ಪತ್ತೆರಡು ವರ್ಷ ಬೆಂಗಳೂರಿನ ಪೀಣ್ಯದಲ್ಲಿ ವಿದ್ಯುತ್ ಬಿಡಿಭಾಗಗಳನ್ನು ರೂಪಿಸಿದೆವು. ಇವೆರಡರ ನಡುವೆ ನಮಗೆ ಗೋಚರಿಸಿದ ನಂಟನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ತಂತಿಯಲ್ಲಿ ವಿದ್ಯುತ್ ಹರಿದಾಗ ಅದು ಬಿಸಿಯಾಗುವುದು ಎಲ್ಲರೂ ಬಲ್ಲ ಸಂಗತಿ. ಲೋಹವು ವಿದ್ಯುತ್ತಿಗೆ ಒಡ್ಡುವ ತಡೆಯೇ ಇದಕ್ಕೆ ಕಾರಣ, ಇದನ್ನು ರೋಧವೆನ್ನುತ್ತಾರೆ. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರು ಪಾದರಸವನ್ನು ದ್ರವ ಹೀಲಿಯಮಿನ ನೆರವಿನಿಂದ ತಣಿಸಿದಾಗ, ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದರ ರೋಧ ಒಮ್ಮೆಗೇ ಇಲ್ಲವಾಯಿತು. ಇದೇ ಅತಿವಾಹಕತೆ. ಅರ್ಧ ಶತಮಾನದ ಬಳಿಕ ನಿಯೋಬಿಯಮ್ ಮತ್ತು ಟೈಟೇನಿಯಮ್‌ಗಳ ಮಿಶ್ರಲೋಹದ ತಂತಿ ಬಳಕೆಗೆ ಬಂದಮೇಲೆ ಅದರ ಸುರುಳಿಗಳಿಂದ ಬಲಿಷ್ಠ ಅಯಸ್ಕಾಂತಗಳನ್ನು ಮಾಡುವುದು ಸಾಧ್ಯವಾಯಿತು. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಇಂಥ ಅಯಸ್ಕಾಂತವೇ.

ಇಂಥ ಸುರುಳಿಗಳನ್ನು ಸುತ್ತುವುದು, ತಣಿಸುವುದು, ಪರೀಕ್ಷಿಸುವುದು ನಮ್ಮ ಕೆಲಸವಾಗಿತ್ತು. ಅಷ್ಟು ಶೀತದಲ್ಲಿ ತಾಮ್ರವನ್ನು ಒಂದು ಡಿಗ್ರಿ ಬಿಸಿಮಾಡಲು, ಸಾಧಾರಣ ಉಷ್ಣತೆಯಲ್ಲಿ ಬೇಕಾಗುವ ಶಾಖದ ಸಾವಿರದಲ್ಲೊಂದು ಪಾಲೂ ಬೇಡ. ಆದ್ದರಿಂದ ಸುತ್ತಿದ ತಂತಿ ಕೂದಲೆಳೆಗಿಂತ ಕಡಿಮೆ ಜರುಗಿದರೂ, ಆ ತಿಕ್ಕಾಟದ ಶಾಖದಿಂದಲೇ ಅಲ್ಲಿ ಅತಿವಾಹಕತೆ ಅಳಿಯಬಹುದು. ಆಗ ರೋಧ ಮರಳುತ್ತದೆ, ಬಿಸಿ ಹಬ್ಬುತ್ತದೆ, ಹೀಲಿಯಮ್ ಕುದಿಯತೊಡಗುತ್ತದೆ. ಒಂದು ಲೀಟರ್ ದ್ರವ ಹೀಲಿಯಮ್ ಕೋಣೆಯ ಉಷ್ಣತೆಗೆ ಬಂದರೆ ಏಳುನೂರು ಲೀಟರಿಗೂ ಮಿಗಿಲಾದ ಅನಿಲವಾಗುತ್ತದೆ. ಈ ಅವಘಡಕ್ಕೆ ಕ್ವೆಂಚ್ ಎಂದು ಹೆಸರು. ತಂತಿಗಳು ಅಲುಗದಂತೆ ಎಪಾಕ್ಸಿ ಅಂಟಿನಿಂದ ಬಂಧಿಸುವುದರಲ್ಲಿಯೂ, ಒಂದು ಸುರುಳಿಯನ್ನು ಇನ್ನೊಂದಕ್ಕೆ ಕೂಡಿಸುವ ಬೆಸುಗೆಗಳ ರೋಧವನ್ನು ಅಳೆಯುವುದರಲ್ಲಿಯೂ ನಮ್ಮ ಅನೇಕ ರಾತ್ರಿಗಳು ಕಳೆದವು.

1994ರಲ್ಲಿ ಮನೆಯ ಹೊಣೆಗಾರಿಕೆಯಿಂದಾಗಿ ಆ ಕೆಲಸವನ್ನು ಬಿಟ್ಟು ಬೆಂಗಳೂರಿಗೆ ಬರಬೇಕಾಯಿತು. ಸುದ್ದಿ ಕೇಳಿದ ನಮ್ಮ ದೊಡ್ಡಪ್ಪನವರು, “ತಮ್ಮಾ, ಅಷ್ಟು ದೊಡ್ಡ ವಿಜ್ಞಾನ ಬಿಟ್ಟು ಸ್ವಿಚ್ಚು ಮಾಡಾಕ ಹೊಂಟಿ?” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ವ್ಯಥೆಯಿತ್ತು. ಆದುದರಿಂದಲೇ ಅದು ಬಹುಕಾಲ ನಮ್ಮನ್ನು ಕಾಡಿತು.

ಹೊಸ ಕೆಲಸವು ಮೋಟಾರುಗಳನ್ನು ನಡೆಸುವ ಕಾಂಟ್ಯಾಕ್ಟರುಗಳಿಗೆ ಸಂಬಂಧಿಸಿದ್ದು. ನುಣುಪಾಗಿ ಕಾಣುವ ಎರಡು ಲೋಹದ ಮುಖಗಳನ್ನು ಒತ್ತಿಹಿಡಿದರೂ ಅವು ನಿಜವಾಗಿ ತಾಗುವುದು ಕೆಲವೇ ಬಿಂದುಗಳಲ್ಲಿ. ಹರಿಯುವ ವಿದ್ಯುತ್ತೆಲ್ಲವೂ ಆ ಬಿಂದುಗಳಲ್ಲಿಯೇ ನುಸುಳಬೇಕು. ಬೆಳ್ಳಿಯ ಮಿಶ್ರಣದ ತುದಿ, ಸ್ಪ್ರಿಂಗಿನ ಒತ್ತಡ, ತಿರುಪಿನ ಬಿಗಿತ ಇವುಗಳಲ್ಲಿ ಒಂದು ಕುಂದಿದರೂ ಅಲ್ಲಿ ಶಾಖ ಹುಟ್ಟುತ್ತದೆ. ಒಮ್ಮೆ ಬೆಳ್ಳಿಯ ಪದರವನ್ನು ತೆಳುಗೊಳಿಸಿ ಬೆಲೆ ಇಳಿಸಬೇಕೆಂಬ ಒತ್ತಾಯ ಬಂದಿತು. ವಾದಕ್ಕಿಳಿಯದೆ, ಹಳೆಯ ಮತ್ತು ಹೊಸ ಮಾದರಿಗಳೆರಡನ್ನೂ ಪರೀಕ್ಷಾ ಮೇಜಿನ ಮೇಲೆ ಹಗಲಿರುಳು ತೆರೆದು ಮುಚ್ಚಿಸಿದೆವು. ತೆಳುಪದರದ ತುದಿಗಳು ಬೇಗನೆ ಒಂದಕ್ಕೊಂದು ಬೆಸೆದುಕೊಂಡು ತೆರೆಯದೆ ನಿಂತವು. ಹಾಗೆ ನಿಂತರೆ ಗುಂಡಿ ಒತ್ತಿದರೂ ಯಂತ್ರ ನಿಲ್ಲದು. ಅದರೆದುರು ಕೈಯಿಟ್ಟ ಕಾರ್ಮಿಕನ ಗತಿಯೇನು? ಬೆಲೆ ಇಳಿಸುವ ಮಾತು ಅಲ್ಲಿಗೇ ನಿಂತಿತು.

ದೊಡ್ಡಪ್ಪನವರ ಪ್ರಶ್ನೆಗೆ ನಮಗೆ ಪೂರ್ಣ ಉತ್ತರ ದೊರೆತದ್ದು 2008ರಲ್ಲಿ, ದೂರದ ಜಿನೀವಾದಿಂದ ಬಂದ ಸುದ್ದಿಯಿಂದ. ಅಲ್ಲಿನ ಸೆರ್ನ್ ಸಂಸ್ಥೆಯು ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕವನ್ನು ನಿರ್ಮಿಸಿದೆ. ಕಣಗಳನ್ನು ಬಾಗಿಸುವುದಕ್ಕಾಗಿಯೇ ಅದರಲ್ಲಿ 1,232 ಅತಿವಾಹಕ ಅಯಸ್ಕಾಂತಗಳಿವೆ. ಅವುಗಳೊಡನೆ ಸೇರುವ ಚಿಕ್ಕ ತಿದ್ದುಪಡಿ ಅಯಸ್ಕಾಂತಗಳಲ್ಲಿ ಹಲವನ್ನು ನಮ್ಮ ದೇಶವೂ ಪೂರೈಸಿತ್ತು. ಯಂತ್ರ ಆರಂಭವಾದ ಒಂಬತ್ತೇ ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ 19ರಂದು, ಎರಡು ಅಯಸ್ಕಾಂತಗಳ ನಡುವಣ ಒಂದು ಜೋಡಣೆ ಕರಗಿತು. ಸುಮಾರು ಆರು ಟನ್ ಹೀಲಿಯಮ್ ಹೊರನುಗ್ಗಿತು. 53 ಅಯಸ್ಕಾಂತಗಳನ್ನು ಮೇಲಕ್ಕೆ ತರಬೇಕಾಯಿತು. ಯಂತ್ರ ಮತ್ತೆ ನಡೆದದ್ದು 2009ರ ನವೆಂಬರಿನಲ್ಲಿ.

ಕೆಟ್ಟದ್ದು ಅಯಸ್ಕಾಂತವಲ್ಲ, ಬೆಸುಗೆ. ಅದರ ರೋಧ ಸುಮಾರು 220 ನ್ಯಾನೊ ಓಮ್ ಇದ್ದಿರಬೇಕೆಂದು ತಜ್ಞರು ಅಂದಾಜು ಮಾಡಿದರು. ಅಂದರೆ ಒಂದು ಓಮಿನ ಕೋಟಿಯಲ್ಲಿ ಎರಡು ಪಾಲಿನಷ್ಟು. ಆಗ ಹರಿಯುತ್ತಿದ್ದ ವಿದ್ಯುತ್ 8,700 ಆಂಪಿಯರ್. ಲೆಕ್ಕ ಹಾಕಿದರೆ ಮೊದಲಿಗೆ ಅಲ್ಲಿ ಹುಟ್ಟಿದ ಶಾಖ ಸುಮಾರು 17 ವ್ಯಾಟ್.

ಇನ್ನು ನಮ್ಮ ಮನೆಗೆ ಬರೋಣ. ಮೂರು ಸಾವಿರ ವ್ಯಾಟಿನ ಗೀಸರು ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದರ ಪ್ಲಗ್ಗು ಸಡಿಲವಾಗಿ, ತಾಗುವೆಡೆಯಲ್ಲಿ ಓಮಿನ ಹತ್ತರಲ್ಲೊಂದು ಪಾಲು ರೋಧ ಉಂಟಾದರೆ, ಅಲ್ಲಿ ಹುಟ್ಟುವ ಶಾಖವೂ ಸುಮಾರು 17 ವ್ಯಾಟೇ! ಬಚ್ಚಲುಮನೆಯ ಪ್ಲಗ್ಗಿಗೂ ಜಗತ್ತಿನ ಅತಿ ದೊಡ್ಡ ಯಂತ್ರಕ್ಕೂ ಅಪಾಯ ಒಂದೇ ಬಗೆಯದು. ಆ ಯಂತ್ರದಲ್ಲಿ 2013–14ರ ವೇಳೆಗೆ ಹತ್ತು ಸಾವಿರಕ್ಕೂ ಹೆಚ್ಚು ಜೋಡಣೆಗಳನ್ನು ಒಂದೊಂದಾಗಿ ಭದ್ರಪಡಿಸಿದರು. ಆ ದುಡಿಮೆಯನ್ನು ವಿಜ್ಞಾನವೆನ್ನುವುದೋ, ತಿರುಪು ಬಿಗಿಯುವ ಕೆಲಸವೆನ್ನುವುದೋ?

ಗೃಹಿಣಿಯರಲ್ಲಿ ಒಂದು ವಿಶೇಷ ವಿನಂತಿ. ಸಡಿಲ ಜೋಡಣೆಯನ್ನು ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಗುರುತಿಸಲಾರದು, ಏಕೆಂದರೆ ಅಲ್ಲಿ ವಿದ್ಯುತ್ತಿನ ಪ್ರಮಾಣ ಹೆಚ್ಚಿರುವುದಿಲ್ಲ. ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಮುಟ್ಟಿದಾಗ ಬಿಸಿಯೆನಿಸಿದರೆ ಮುಖ್ಯ ಸ್ವಿಚ್ಚನ್ನು ಆರಿಸಿ, ಬಲ್ಲವರಿಂದ ಪ್ಲಗ್ಗು ಸಾಕೆಟ್ಟುಗಳೆರಡನ್ನೂ ಬದಲಾಯಿಸಿ. ಇನ್ನು ತಂದೆತಾಯಿಗಳಿಗೆ ನಮ್ಮದು ಇಷ್ಟೇ ಮಾತು: ಮಕ್ಕಳು ಆರಿಸಿಕೊಂಡ ಕೆಲಸ ದೊಡ್ಡದೋ ಸಣ್ಣದೋ ಎಂದು ಅಳೆಯಲು ಹೋಗದೆ, ಅವರು ಮಾಡಿದ ಜೋಡಣೆ ನಿಲ್ಲುತ್ತದೆಯೇ ಎಂಬುದನ್ನು ನೋಡಿರಿ.