ಕಾರಿನ ನೆತ್ತಿಯ ಮೇಲೊಂದು ಅಟ್ಟಣಿಗೆ

ಗುಡಾರವೆಂದರೆ ನಮ್ಮ ಕಡೆಯ ಮಂದಿಗೆ ನೆನಪಾಗುವುದು ಎರಡೇ: ಒಂದು ಜಾತ್ರೆಗೆ ಬರುತ್ತಿದ್ದ ನಾಟಕ ಕಂಪನಿಯದು, ಇನ್ನೊಂದು ಟೂರಿಂಗ್ ಟಾಕೀಸಿನದು. ಎರಡಕ್ಕೂ ನಾವು ಟಿಕೀಟು ತೆಗೆದು ಒಳಗೆ ಹೋಗಿ, ಆಟ ಮುಗಿದ ಮೇಲೆ ಹೊರಗೆ ಬರುತ್ತಿದ್ದೆವು. ಅಲ್ಲಿಯೇ ಮಲಗುವ ಯೋಚನೆ ಯಾರಿಗೂ ಇರುತ್ತಿರಲಿಲ್ಲ. ಆಟ ತೀರ ನೀರಸವಾಗಿದ್ದರೆ ಆ ಮಾತು ಬೇರೆ. ಅಂಥ ನನಗೆ ನಲವತ್ತೈದರ ಹರೆಯದಲ್ಲಿ ಗುಡಾರ ಕೊಳ್ಳುವ ಯೋಗ ಬಂತು. ಅದೂ ನೆಲದ ಮೇಲೆ ಹೊಡೆಯುವ ಗುಡಾರವಲ್ಲ, ಕಾರಿನ ಮಾಡಿನ ಮೇಲೆ ಕಟ್ಟುವಂಥದು.

ಇದನ್ನು ನೋಡದವರಿಗಾಗಿ ಎರಡು ಮಾತು. ಹಗಲೆಲ್ಲ ಇದು ದೊಡ್ಡ ಪೆಟ್ಟಿಗೆಯಂತೆ ಮಡಚಿಕೊಂಡು ಕಾರಿನ ನೆತ್ತಿಯ ಮೇಲೆ ಕುಳಿತಿರುತ್ತದೆ. ಸಂಜೆ ಕಾರು ನಿಲ್ಲಿಸಿ ಪಟ್ಟಿಗಳನ್ನು ಬಿಚ್ಚಿದರೆ ಹತ್ತು ನಿಮಿಷದೊಳಗೆ ಹಾಸಿಗೆ ಸಮೇತ ಒಂದು ಕೋಣೆಯಾಗಿ ಅರಳುತ್ತದೆ. ಏಣಿ ಇಳಿಬಿಟ್ಟು, ಹತ್ತಿ ಮಲಗಿದರಾಯಿತು. ಇಟಲಿಯಲ್ಲಿ ೧೯೫೮ರಷ್ಟು ಹಿಂದೆಯೇ ‘ಮಜ್ಜೊಲೀನಾ’ ಎಂಬ ಹೆಸರಿನ ಇಂಥ ಗುಡಾರ ಮಾರಾಟಕ್ಕೆ ಬಂದಿತ್ತು. ೧೯೭೦ರ ದಶಕದಲ್ಲಿ ಪೂರ್ವ ಜರ್ಮನಿಯ ಜನ ತಮ್ಮ ಪುಟ್ಟ ಟ್ರಾಬಾಂಟ್ ಕಾರಿನ ಮೇಲೂ ಗುಡಾರ ಹೊತ್ತು ರಜೆಗೆ ಹೊರಡುತ್ತಿದ್ದರು. ಆ ಕಾರಿನ ತೂಕ ಆರುನೂರು ಚಿಲ್ಲರೆ ಕಿಲೋ, ಅದರ ಎಂಜಿನ್ನು ೨೬ ಅಶ್ವಶಕ್ತಿಯದು. ಇದನ್ನು ಓದಿದ ಮೇಲೆ ನನ್ನ ಚಿಕ್ಕ ಕಾರಿನ ಬಗ್ಗೆ ನನಗೆ ಸ್ವಲ್ಪ ಧೈರ್ಯ ಬಂತು.

ಪುಣೆಯ ಕೇಂದ್ರ ಸರಕಾರಿ ಕಚೇರಿಯೊಂದರ ಗುಮಾಸ್ತನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನನ್ನ ಸಹೋದ್ಯೋಗಿಗಳು ಕೇಳಿಯೇ ಬಿಟ್ಟರು. ಎಲ್.ಟಿ.ಸಿ. ಇರುವಾಗ ರೈಲಿನಲ್ಲಿ ಹಾಯಾಗಿ ಹೋಗಿಬರುವುದು ಬಿಟ್ಟು, ಸರಕಾರ ಒಂದು ಕಾಸೂ ಕೊಡದ ಸ್ವಂತ ಕಾರಿನ ಪ್ರಯಾಣಕ್ಕೆ ಇಷ್ಟು ಖರ್ಚೇ ಎಂದರು ಒಬ್ಬರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ನಮ್ಮ ಗಾದೆಗೆ ಸಮನಾದ ಮರಾಠಿ ಮಾತೊಂದನ್ನು ಹೇಳಿ ನಕ್ಕರು ಇನ್ನೊಬ್ಬರು. ಅವರಿಗೆ ನಾನು ಹೇಳದ ಕಾರಣವನ್ನು ಇಲ್ಲಿ ಹೇಳುತ್ತೇನೆ. ನಮ್ಮ ಸಂಘದ ಬಹಳ ಮನೆಗಳಲ್ಲಿ ಇದೇ ಕತೆ ಇರಬಹುದೆಂದು ನನ್ನ ಊಹೆ.

ನಮ್ಮೂರು ಹಾನಗಲ್ಲು ತಾಲೂಕಿನ ಒಂದು ಹಳ್ಳಿ. ತಂದೆಯವರು ತೀರಿಕೊಂಡ ಮೇಲೆ ಆಸ್ತಿ ಪಾಲಾಯಿತು. ಹಿರಿಯರ ಮನೆ ಚಿಕ್ಕಪ್ಪನ ಮಕ್ಕಳ ಪಾಲಿಗೆ ಹೋಯಿತು. ನಮ್ಮ ಪಾಲಿಗೆ ಬಂದದ್ದರಲ್ಲಿ ಈಗ ಉಳಿದಿರುವುದು ಊರ ಹೊರಗಿನ ಹತ್ತು ಗುಂಟೆ ನೆಲ ಮತ್ತು ಅದರಲ್ಲಿರುವ ಎರಡು ಮಾವಿನ ಮರ. ಪಾಲಿನ ಹೊತ್ತಿಗೆ ಎರಡೂ ಕಡೆಯಿಂದ ಒಂದೆರಡು ಬಿರುಸಾದ ಮಾತು ಬಂದವು. ಮುಂದೆ ಹೋಗುವುದು ಬರುವುದು ತಾನಾಗಿ ಕಡಿಮೆಯಾಯಿತು. ಊರಿಗೆ ಹೋದರೂ ಹಾನಗಲ್ಲಿನ ಲಾಡ್ಜಿನಲ್ಲಿ ಇಳಿದು, ಗ್ರಾಮದೇವತೆಗೆ ಹಣ್ಣುಕಾಯಿ ಮಾಡಿಸಿ, ಬಿಸಿಲೇರುವ ಮೊದಲೇ ಹೊರಟುಬಿಡುತ್ತಿದ್ದೆವು. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಒಮ್ಮೆ, “ಅಪ್ಪಾ, ನಮ್ಮೂರು ಅಂದ್ರೆ ಆ ಲಾಡ್ಜೇನು?” ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದ್ದಲ್ಲ. ಹತ್ತು ವರ್ಷದ ಹುಡುಗಿ ಊರಿನಲ್ಲಿ ರಾತ್ರಿ ಕಳೆದ ಜಾಗ ಅದೊಂದೇ.

ಹತ್ತು ಗುಂಟೆಯಲ್ಲಿ ಮನೆ ಕಟ್ಟಿಸುವಷ್ಟು ಹಣವಿಲ್ಲ. ಕಟ್ಟಿಸಿದರೂ ವರ್ಷದಲ್ಲಿ ಮುನ್ನೂರೈವತ್ತು ದಿನ ಬೀಗ ಹಾಕಿಡಬೇಕು. ಆಗ ಹೊಳೆದದ್ದು ಈ ಗುಡಾರ. ಚಿತ್ರ ತೋರಿಸಿದಾಗ ಎಪ್ಪತ್ತೆರಡರ ನನ್ನ ತಾಯಿ ಕನ್ನಡಕ ಏರಿಸಿ ನೋಡಿ, “ಇದೇನಪಾ, ನಮ್ಮ ಹೊಲದಾಗಿನ ಅಟ್ಟಣಿಗಿ ಇದ್ದಾಂಗ ಐತಲ್ಲ!” ಎಂದರು. ನಿಜವೇ. ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ನಡುವೆ ನಾಲ್ಕು ಗೂಟ ನೆಟ್ಟು, ಮೇಲೆ ಹಂದರ ಹಾಕಿ, ಹಕ್ಕಿ ಓಡಿಸುತ್ತ ಕಾವಲು ಮಲಗುತ್ತಿದ್ದುದು ನನಗೂ ನೆನಪಿದೆ. ಹುಳಹುಪ್ಪಟೆಯ ಭಯವಿಲ್ಲ, ನೆಲದ ತೇವವಿಲ್ಲ, ಗಾಳಿ ಬೇಕಾದಷ್ಟು. ಕಾರಿನ ಗುಡಾರದ ಗುಣಗಳೂ ಇವೇ.

ಇನ್ನು ಆಯ್ಕೆಯ ಮಾತು. ಅಂಗಡಿಗೆ ಹೋದೊಡನೆ ನಮ್ಮಲ್ಲಿ ಅಭಿಪ್ರಾಯಭೇದ ಹುಟ್ಟಿತು. ಐದೂ ಜನ ಹಿಡಿಸದಿದ್ದರೂ ನಾಲ್ಕು ಜನವಾದರೂ ಮಲಗುವಂಥದು ಇರಲಿ ಎಂದು ನಮ್ಮಾಕೆಯ ವಾದ. ಅಂಥದರ ತೂಕ ೬೫ ಕಿಲೋ. ನನ್ನ ಕಾರಿನ ಕೈಪಿಡಿಯಲ್ಲಿ ಮಾಡಿನ ಮೇಲೆ ೫೦ ಕಿಲೋ ಮೀರಬಾರದೆಂದು ಸ್ಪಷ್ಟವಾಗಿ ಬರೆದಿದೆ. ಈ ಐವತ್ತರಲ್ಲಿ ಗುಡಾರವನ್ನು ಬಿಗಿಯುವ ಅಡ್ಡ ಸಲಾಕೆಗಳ ತೂಕವೂ ಸೇರಿತು. “ಎಲ್ಲರೂ ಹಾಕಿಸ್ತಾರೆ ಸಾಹೇಬರೇ, ಏನೂ ಆಗೋದಿಲ್ಲ” ಎಂದ ಅಂಗಡಿಯವ. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಇಪ್ಪತ್ತು ವರ್ಷ ಕಡತಗಳ ನಡುವೆ ಧೂಳು ಹಿಡಿದಿದ್ದರೂ ಆ ಹೊತ್ತಿಗೆ ಎದ್ದು ಕುಳಿತಿತು.

“ಐವತ್ತೇ ಕಿಲೋ ಅಂದಮೇಲೆ ಮನುಷ್ಯರು ಮಲಗೋದು ಹೇಗೆ?” ಎಂದು ನಮ್ಮಾಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಭಾರಗಳು ಎರಡು ಬಗೆ ಎಂಬುದು. ಕಾರು ನಿಂತಾಗ ಮಾಡಿನ ಮೇಲಿನ ಭಾರ ನೇರವಾಗಿ ಕಂಬಗಳ ಮೂಲಕ ಚಕ್ರಗಳಿಗೆ ಇಳಿಯುತ್ತದೆ. ಅದರಲ್ಲಿ ಸ್ವಲ್ಪ ಪಾಲನ್ನು ಏಣಿಯೂ ಹೊರುತ್ತದೆ. ಆದುದರಿಂದ ನಿಂತ ಕಾರು ತಾಳುವ ಭಾರ ಓಡುವಾಗಿನ ಮಿತಿಗಿಂತ ಹಲವು ಪಟ್ಟು ಹೆಚ್ಚು. ಓಡುವ ಕಾರಿನ ಸಂಗತಿ ಬೇರೆ. ತಿರುವಿನಲ್ಲಿ ಆ ಭಾರ ಹೊರಕ್ಕೆ ಜಗ್ಗುತ್ತದೆ, ತಗ್ಗಿನಲ್ಲಿ ಮೇಲಕ್ಕೆ ಹಾರಿ ಕೆಳಕ್ಕೆ ಗುದ್ದುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ಜೋರಾಗಿ ಬ್ರೇಕು ಒತ್ತಿದರೆ ವೇಗ ಇಳಿಯುವ ದರ ಗುರುತ್ವದ ಎಂಟಾಣೆಯನ್ನೂ ಮೀರಿ ಹನ್ನೆರಡಾಣೆಯ ಮೇಲಕ್ಕೆ ಹೋಗಬಲ್ಲುದು. ೦.೮ ಎಂದು ಹಿಡಿದರೂ, ೬೫ ಕಿಲೋ ಗುಡಾರ ಮತ್ತು ೫ ಕಿಲೋ ಸಲಾಕೆಗಳು ಸೇರಿ ೫೬ ಕಿಲೋ ತೂಕದಷ್ಟು ಬಲದಿಂದ ಮುಂದಕ್ಕೆ ಜಗ್ಗುತ್ತವೆ. ಅದನ್ನು ತಡೆಯಬೇಕಾದುದು ನಾಲ್ಕು ಹಿಡಿಕೆಗಳು ಮಾತ್ರ.

ಇನ್ನೊಂದು ಲೆಕ್ಕ ಗುರುತ್ವಕೇಂದ್ರದ್ದು. ಒಂದು ಸಾವಿರ ಕಿಲೋ ತೂಗುವ ಕಾರಿನ ಗುರುತ್ವಕೇಂದ್ರ ನೆಲದಿಂದ ೫೫ ಸೆಂಟಿಮೀಟರು ಎತ್ತರದಲ್ಲಿದೆಯೆಂದೂ, ಗುಡಾರದ ಭಾರ ೧೬೦ ಸೆಂಟಿಮೀಟರಿನಲ್ಲಿ ಕುಳಿತಿದೆಯೆಂದೂ ಇಟ್ಟುಕೊಳ್ಳಿ. ಎಪ್ಪತ್ತು ಕಿಲೋ ಹೇರಿದರೆ ಕೇಂದ್ರ ಸುಮಾರು ಏಳು ಸೆಂಟಿಮೀಟರು ಮೇಲೇರುತ್ತದೆ. ನಲವತ್ಮೂರು ಕಿಲೋ ಹೇರಿದರೆ ನಾಲ್ಕು ಸೆಂಟಿಮೀಟರಿಗೆ ತುಸು ಹೆಚ್ಚು. ಕೇಳಲು ಅಲ್ಪ, ಆದರೆ ಖಂಬಾಟ್ಕಿ ಘಟ್ಟದ ತಿರುವಿನಲ್ಲಿ ಕಾರು ತೂಗುವುದು ಈ ಬೆರಳೆಣಿಕೆಯ ಅಂತರದಿಂದಲೇ. ನಮ್ಮ ಐದು ಜನರ ಸಂಸಾರ ಆ ಕಾರಿನೊಳಗೆ ಕುಳಿತಿರುತ್ತದೆ ಎಂಬುದನ್ನು ಅಂಗಡಿಯವ ಮರೆಯಬಹುದು, ನಾನು ಮರೆಯಲಾಗದು.

ಹೀಗಾಗಿ ಹುಡುಕಾಟ ಹಗುರವಾದುದರ ಕಡೆಗೆ ತಿರುಗಿತು. ಗುಡಾರದ ತೂಕ ಎಲ್ಲಿಂದ ಬರುತ್ತದೆಂದು ನೋಡಿದರೆ, ಬಟ್ಟೆಯ ಪಾಲು ಕಡಿಮೆ. ತಳದ ಹಲಗೆ, ಹೊರಗಿನ ಚಿಪ್ಪು, ಹಾಸಿಗೆ ಮತ್ತು ಏಣಿಯ ಪಾಲು ಹೆಚ್ಚು. ಪ್ಲೈವುಡ್ಡಿನ ತಳಕ್ಕಿಂತ, ಎರಡು ಅಲ್ಯುಮಿನಿಯಂ ತಗಡುಗಳ ನಡುವೆ ಜೇನುಗೂಡಿನಂಥ ಕಣ್ಣುಗಳನ್ನಿಟ್ಟು ಮಾಡಿದ ಹಲಗೆ ಬಹಳ ಹಗುರ, ಬಾಗುವುದೂ ಕಡಿಮೆ. ಬೆಲೆ ಮಾತ್ರ ಏರು. ಗಟ್ಟಿ ಚಿಪ್ಪಿನ ಗುಡಾರ ಬೇಗ ತೆರೆಯುತ್ತದೆ, ಗಾಳಿಯನ್ನು ಸುಲಭವಾಗಿ ಸೀಳುತ್ತದೆ. ಮೆತ್ತನೆಯ ಹೊದಿಕೆಯದು ಮಡಚಿದಾಗ ಚಿಕ್ಕದು, ಬೆಲೆಯಲ್ಲಿ ಸೋವಿ, ಬಿಚ್ಚಿ ಕಟ್ಟುವ ಕೆಲಸ ಹೆಚ್ಚು. ಯಾವುದೇ ಆಗಲಿ, ಗಾಳಿಯ ತಡೆ ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಗಂಟೆಗೆ ೮೦ ಕಿಲೋಮೀಟರಿನಿಂದ ೧೦೦ಕ್ಕೆ ಹೋದರೆ ತಡೆ ಒಂದೂವರೆ ಪಟ್ಟನ್ನು ಮೀರುತ್ತದೆ. ಪೆಟ್ರೋಲಿನ ಬೆಲೆ ಬಲ್ಲವರು ೮೦ರಲ್ಲೇ ಇರುವುದು ಲೇಸು.

ಬಟ್ಟೆಯ ವಿಷಯದಲ್ಲಿ ಒಂದು ಅಂಕಿಯನ್ನು ಕೇಳಬೇಕು. ‘೩೦೦೦ ಮಿಲಿಮೀಟರು’ ಎಂದು ಬರೆದಿದ್ದರೆ, ಮೂರು ಮೀಟರು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಆ ಬಟ್ಟೆ ಸೋರದೆ ನಿಲ್ಲುತ್ತದೆ ಎಂದರ್ಥ. ನಮ್ಮ ಮುಂಗಾರು ಕಂಡವರಿಗೆ ಇದು ಮುಖ್ಯ. ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದ್ದಾರೋ ಇಲ್ಲವೋ ಎಂಬುದು ಅಷ್ಟೇ ಮುಖ್ಯ, ಏಕೆಂದರೆ ನೀರು ನುಗ್ಗುವುದು ಸೂಜಿಯ ತೂತಿನಿಂದ. ಪಾಲಿಯೆಸ್ಟರು ಹಗುರ ಮತ್ತು ಬೇಗ ಒಣಗುತ್ತದೆ, ಆದರೆ ಉಸಿರಾಡುವುದಿಲ್ಲ. ಒಳಗೆ ಮಲಗಿದವರ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಕಿ ಬೆಳಗಿನ ಹೊತ್ತಿಗೆ ಹನಿಗಟ್ಟುತ್ತದೆ. ಗುಡಾರ ಸೋರುತ್ತಿದೆ ಎಂದು ದೂರುವವರಲ್ಲಿ ಅನೇಕರು ನೋಡಿದ್ದು ಈ ಹನಿಯನ್ನೇ. ಎದುರುಬದುರು ಕಿಟಕಿ ಸ್ವಲ್ಪ ತೆರೆದಿಟ್ಟರೆ ಇದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಹತ್ತಿ ಬೆರೆತ ಬಟ್ಟೆ ಉಸಿರಾಡುತ್ತದೆ, ಆದರೆ ನೆನೆದರೆ ಭಾರ. ಒಣಗಿಸದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಕಡೆಗೆ ನಮಗೆ ಒಪ್ಪಿಗೆಯಾದದ್ದು ಇಬ್ಬರು ಮಲಗುವ, ೩೮ ಕಿಲೋದ ಗುಡಾರ. ಸಲಾಕೆ ಸೇರಿ ೪೩. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಕಾಲು ಹತ್ತು, ಹಾಸಿಗೆ ನಾಲ್ಕು ಕಾಲಿಗೆ” ಎಂದು ನಮ್ಮಾಕೆ ಹಂಗಿಸಿದರು. ಈ ತೊಡಕನ್ನು ಬಿಡಿಸಿದವರು ನನ್ನ ತಾಯಿ. ಮೊಣಕಾಲು ನೋವಿನಿಂದ ಅವರು ಹೇಗೂ ಏಣಿ ಹತ್ತುವಂತಿಲ್ಲ. “ಹುಡುಗರು ಮ್ಯಾಲ ಮಲಗಲಿ. ಅಟ್ಟಣಿಗಿ ಬುಡಕ ದೊಡ್ಡವರು ಮಲಗೋದು ಹೊಸಾದೇನಲ್ಲ. ಎಲ್ಲಮ್ಮನ ಗುಡ್ಡಕ್ಕ ಹೋದಾಗ ಚಕ್ಕಡಿ ಕೆಳಗ ಮಲಗಿಲ್ಲೇನು ನಾವು?” ಎಂದರು. ಗುಡಾರದ ಬದಿಯಿಂದ ಇಳಿಬಿಡುವ ಪರದೆಯೊಂದು, ತಾಯಿಗೆ ಮಡಚುವ ಮಂಚ, ನಮ್ಮಿಬ್ಬರಿಗೆ ನೆಲದ ಮೇಲೆ ದಪ್ಪ ತಾಡಪಾಲು ಮತ್ತು ಸೊಳ್ಳೆಪರದೆ. ಇವೆಲ್ಲ ಡಿಕ್ಕಿಯಲ್ಲಿ ಹೋಗುವ ಸಾಮಾನು, ಮಾಡಿಗೆ ಹೊರೆಯಲ್ಲ.

ಆದರೂ ಎರಡು ತಿಂಗಳ ಸಂಬಳವನ್ನು ಒಮ್ಮೆಗೇ ಸುರಿಯಲು ಮನಸ್ಸು ಹಿಂಜರಿಯಿತು. ಅಂಥದೇ ಒಂದನ್ನು ಬಾಡಿಗೆಗೆ ತಂದು ಹೋದ ದೀಪಾವಳಿಗೆ ಹೊರಟೆವು. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ ದಾಟಿ ಐನೂರು ಕಿಲೋಮೀಟರಿನ ದಾರಿ. ಅರ್ಧ ಗಂಟೆ ಓಡಿಸಿದ ಮೇಲೊಮ್ಮೆ, ಆಮೇಲೆ ಪ್ರತಿ ಚಹಾದ ನಿಲುಗಡೆಯಲ್ಲಿ, ತಿರುಪುಗಳನ್ನು ಬಿಗಿಮಾಡಿ ನೋಡಿದೆ. ಸಂಜೆ ಮಾವಿನ ಮರಗಳ ನಡುವೆ, ಒಣ ಕೊಂಬೆ ಮೇಲಿಲ್ಲದ ಸಮತಟ್ಟಾದ ಜಾಗ ನೋಡಿ ಕಾರು ನಿಲ್ಲಿಸಿ ಗುಡಾರ ತೆರೆದೆವು.

ಸುದ್ದಿ ಊರಲ್ಲಿ ಹಬ್ಬಲು ಎಷ್ಟು ಹೊತ್ತು? ಎಂಟು ಗಂಟೆಗೆ ಬ್ಯಾಟರಿ ಹಿಡಿದು ಚಿಕ್ಕಪ್ಪನ ಹಿರಿಯ ಮಗ ಬಂದ. ನಾಲ್ಕು ವರ್ಷಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು, “ಇದು ಎಷ್ಟ ಭಾರ ತಡೀತೈತಿ?” ಎಂಬುದು. ಲೆಕ್ಕ ಹೇಳಿದೆ. ಅವನು ಏಣಿ ಹತ್ತಿ ಒಳಗೆ ಇಣುಕಿ, ಮಕ್ಕಳನ್ನು ಮಾತಾಡಿಸಿ ಇಳಿದ. ತಾಯಿಯ ಮಂಚದ ಬಳಿ ಸ್ವಲ್ಪ ಹೊತ್ತು ನಿಂತು, “ದೊಡ್ಡವ್ವ, ಮನ್ಯಾಗ ಮಲಗು ಬಾ, ಥಂಡಿ ಐತಿ” ಎಂದ. ತಾಯಿ, “ನಾಳೆ ಬರ್ತೀನಿ, ಇವತ್ತ ನನ್ನ ಹೊಲದಾಗ ಮಲಗ್ತೀನಿ” ಎಂದರು. ಮಾತಿನಂತೆ ಮರುದಿನ ಹೋದರು. ಊಟಕ್ಕೆ ನಾವೂ ಹೋದೆವು. ಪಾಲಿನ ಮಾತನ್ನು ಯಾರೂ ತೆಗೆಯಲಿಲ್ಲ.

ಪುಣೆಗೆ ಬಂದ ಮೇಲೆ ಅದೇ ಮಾದರಿಯ ಗುಡಾರ ಕೊಂಡೆ. ಕೊಳ್ಳಬೇಕೆನ್ನುವ ವಾಚಕರಿಗೆ ನಾಲ್ಕು ಮಾತು. ಕಾರಿನ ಕೈಪಿಡಿಯ ಮಿತಿ ಮತ್ತು ಸಲಾಕೆಗಳ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಗುಡಾರ ಹೇರಿದ ಕಾರಿನ ಎತ್ತರ ನಿಮ್ಮ ಸೊಸೈಟಿಯ ನೆಲಮಾಳಿಗೆಗೆ ಹಿಡಿಸುತ್ತದೆಯೇ ಅಳೆದು ನೋಡಿ. ವಾಹನದ ರೂಪ ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ನಿರ್ಬಂಧಿಸುತ್ತದೆ. ಆದುದರಿಂದ ಕೊರೆದು ಬೆಸೆಯುವ ಕೆಲಸ ಬೇಡ, ಬಿಚ್ಚಿಡಬಹುದಾದ ಸಲಾಕೆಗಳೇ ಇರಲಿ, ಸ್ಥಳೀಯ ಆರ್.ಟಿ.ಓ. ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ತಂಗುವುದು ಅಪರಾಧ. ಕೆರೆಯ ದಂಡೆ ಎಷ್ಟೇ ಚೆಂದ ಕಂಡರೂ ಜಾಗದ ಒಡೆಯರನ್ನು ಕೇಳಿಯೇ ನಿಲ್ಲಿಸಬೇಕು.

ನನಗಂತೂ ಕೇಳಬೇಕಾದ ಒಡೆಯರಿಲ್ಲದ ಹತ್ತು ಗುಂಟೆ ಇದೆ. ಬರುವ ಮೇ ತಿಂಗಳಲ್ಲಿ ಮಾವು ಹಣ್ಣಾಗುವ ಹೊತ್ತಿಗೆ ಮತ್ತೆ ಹೋಗುವುದೆಂದು ಗೊತ್ತಾಗಿದೆ. ಚಿಕ್ಕಪ್ಪನ ಮಗ ಫೋನು ಮಾಡಿ, ಕಾರು ನಿಲ್ಲಿಸುವ ಜಾಗವನ್ನು ಮಟ್ಟ ಮಾಡಿಸಿದ್ದೇನೆ ಎಂದು ತಿಳಿಸಿದ್ದಾನೆ.